ನುಂಗಲಾರದ ತುತ್ತು

ಹೋದ ವರ್ಷ ನಮ್ಮ ಅತ್ತೆಯವರು ತಟ್ಟೆ ಸರಿಸತೊಡಗಿದಾಗ ಸಾರಿಗೆ ಖಾರ ಹೆಚ್ಚಾಯಿತೇನೋ ಅಂದುಕೊಂಡೆ. ಗಂಜಿ ಮಾಡಿಕೊಟ್ಟೆ. "ಗಂಜೀನೂ ಎದೇಲಿ ಉರ್ಕೊಂಡು ಇಳಿಯುತ್ತೆ ಕಣಮ್ಮ" ಅಂದರು. ಮುಪ್ಪಿನ ಹಟವೆಂದು ಗದರಿಯೂಬಿಟ್ಟೆ.

ಎಂಡೋಸ್ಕೋಪಿ ಮಾಡಿದ ಡಾಕ್ಟರು, ಅನ್ನನಾಳದ ಒಳಗೆ ಮೊಸರು ಮೆತ್ತಿದಂಥ ಬಿಳಿ ಪದರವಿದೆ, ಇದು ಕ್ಯಾಂಡಿಡಾ ಎಂಬ ಯೀಸ್ಟಿನ ಸೋಂಕು ಎಂದರು.

ಈ ಯೀಸ್ಟ್ ಬಹಳ ಜನರ ಬಾಯಲ್ಲಿ, ಕರುಳಲ್ಲಿ ತೊಂದರೆ ಕೊಡದೆ ಇರುತ್ತದೆ. ರೋಗನಿರೋಧಕ ಶಕ್ತಿ ಕುಗ್ಗಿದಾಗ, ಬೆಚ್ಚಗಿಟ್ಟ ದೋಸೆ ಹಿಟ್ಟಿನ ಹಾಗೆ ಉಕ್ಕುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಎಚ್.ಐ.ವಿ., ಕ್ಯಾನ್ಸರ್ ಚಿಕಿತ್ಸೆ, ಅಂಗ ಕಸಿ ಮಾಡಿಸಿಕೊಂಡವರ ಔಷಧಿ, ಸ್ಟೀರಾಯ್ಡ್ ಇವು ಮುಖ್ಯ ಕಾರಣಗಳು. ಆ್ಯಂಟಿಬಯಾಟಿಕ್ ಮಾತ್ರೆಗಳಿಂದ ಯೀಸ್ಟನ್ನು ಹದ್ದಿನಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಸಾಯುತ್ತವೆ. ಬಹುಕಾಲ ನುಂಗುವ ಆಸಿಡಿಟಿ ಮಾತ್ರೆಯೂ ದಾರಿ ಮಾಡಿಕೊಡಬಹುದು.

ಅತ್ತೆಯವರಿಗೆ ಸಕ್ಕರೆ ಕಾಯಿಲೆಯೂ ಇತ್ತು, ಉಬ್ಬಸಕ್ಕೆ ಸ್ಟೀರಾಯ್ಡ್ ಇನ್‌ಹೇಲರೂ ಇತ್ತು. ಪ್ರತಿ ಸಲ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕೆಂಬುದೇ ನಮಗೆ ಗೊತ್ತಿರಲಿಲ್ಲ! ಹಾಗೆಂದು ಹೆದರಿ ಇನ್‌ಹೇಲರ್ ನಿಲ್ಲಿಸಬೇಡಿ. ಮುಕ್ಕಳಿಸುವುದನ್ನು ಮರೆಯಬೇಡಿ, ಅಷ್ಟೆ.

ಇದಕ್ಕೆ ಫ್ಲುಕೊನಜೋಲ್ ಔಷಧಿಯನ್ನು ಸಾಮಾನ್ಯವಾಗಿ 14ರಿಂದ 21 ದಿನ ಕೊಡುತ್ತಾರೆ. ಬೇರೆ ಮಾತ್ರೆಗಳೊಡನೆ ಅದು ಹೊಂದದಿರಬಹುದು. ನೀವಾಗಿಯೇ ಅಂಗಡಿಯಿಂದ ತಂದು ನುಂಗಬೇಡಿ.

ಅತ್ತೆ ಈಗ ಚಟ್ನಿಗೆ ಉಪ್ಪು ಸಾಲದು ಅಂತ ನನ್ನನ್ನೇ ಗದರುತ್ತಾರೆ. ಕೇಳೋಕೆ ಹಿತ! ನಿಮ್ಮ ಮನೆಯಲ್ಲೂ ಹಿರಿಯರು "ನುಂಗೋಕಾಗ್ತಿಲ್ಲ" ಅಂದರೆ, ನನ್ನ ಹಾಗೆ ಗದರಬೇಡಿ. ಬೇಗ ಡಾಕ್ಟರಿಗೆ ತೋರಿಸಿ.