ವೃತ್ತ ಕಬಡ್ಡಿಯ ವಿಶ್ವಕಪ್

ವೃತ್ತ ಕಬಡ್ಡಿ ಪಂಜಾಬಿನ ಹಳ್ಳಿಗಳ ಆಟ. ಸುಗ್ಗಿ ಮುಗಿದ ಹೊಲದಲ್ಲಿ, ಮೇಳದ ಬಯಲಿನಲ್ಲಿ ಸುಣ್ಣದಿಂದ ದೊಡ್ಡದೊಂದು ವೃತ್ತ ಬರೆದು, ನಡುವೆ ಗೆರೆ ಎಳೆದರೆ ಅಂಕಣ ಸಿದ್ಧ. ಗೆಜ್ಜಲಗೆರೆ, ಮದ್ದೂರು, ಮಳವಳ್ಳಿ ಸೀಮೆಯವರು ಹೊನಲು ಬೆಳಕಿನ ಪಂದ್ಯಾವಳಿಗಳಲ್ಲಿ ನೋಡುವ ಕಬಡ್ಡಿಯೇ ಬೇರೆ. ಅದರ ಅಂಕಣ ಆಯತಾಕಾರದ್ದು; ಪುರುಷರಿಗೆ 13 ಮೀಟರ್ ಉದ್ದ, 10 ಮೀಟರ್ ಅಗಲ. ಹೆಸರು ಒಂದೇ ಆದರೂ ಆಟ ಎರಡು.

ಎರಡರ ನಡುವಿನ ದೊಡ್ಡ ವ್ಯತ್ಯಾಸ 'ಔಟ್' ಎಂಬ ನಿಯಮದಲ್ಲಿದೆ. ನಮ್ಮಲ್ಲಿ ಆಡುವ ಕಬಡ್ಡಿಯಲ್ಲಿ ತಂಡಕ್ಕೆ ಏಳು ಮಂದಿ. ದಾಳಿಗಾರ ಮುಟ್ಟಿ ಮರಳಿದರೆ ಮುಟ್ಟಿಸಿಕೊಂಡವರು ಹೊರಗೆ ಕೂರಬೇಕು. ತಮ್ಮ ತಂಡ ಅಂಕ ಗಳಿಸಿದಾಗಲೇ ಮತ್ತೆ ಒಳಗೆ ಬರಬಹುದು. ಎಲ್ಲರೂ ಔಟಾದರೆ ಎದುರಾಳಿಗೆ ಲೋನಾದ ಎರಡು ಅಂಕ. ದಾಳಿಗಾರನನ್ನು ಹಿಡಿಯಲು ನಾಲ್ಕೈದು ಮಂದಿ ಒಟ್ಟಿಗೆ ಮುಗಿಬೀಳಬಹುದು. ವೃತ್ತ ಕಬಡ್ಡಿಯಲ್ಲಿ ಯಾರೂ ಹೊರಗೆ ಹೋಗುವುದಿಲ್ಲ, ಅಂಕ ಮಾತ್ರ ಏರುತ್ತದೆ. ದಾಳಿಗಾರನನ್ನು ತಡೆಯುವ ಹಕ್ಕು ಒಬ್ಬನಿಗೆ ಮಾತ್ರ. ಇನ್ನೊಬ್ಬ ಕೈ ಹಾಕಿದರೆ ಅಂಕ ದಾಳಿಗಾರನ ಪಾಲು. ಹೀಗಾಗಿ ಪ್ರತಿ ದಾಳಿಯೂ ಇಬ್ಬರ ನಡುವಿನ ಕುಸ್ತಿಯಂತೆ ಕಾಣುತ್ತದೆ, ಜೊತೆಗೆ ಓಟದ ಪೈಪೋಟಿಯೂ ಸೇರುತ್ತದೆ. ಪಂಜಾಬಿಯಲ್ಲಿ ದಾಳಿಗಾರನಿಗೆ 'ಧಾವಿ', ತಡೆಯುವವನಿಗೆ 'ಜಾಫಿ' ಎನ್ನುತ್ತಾರೆ.

ಈ ಆಟಕ್ಕೆ ಪಂಜಾಬ್ ಸರ್ಕಾರ 2010ರ ಏಪ್ರಿಲ್‌ನಲ್ಲಿ ವಿಶ್ವಕಪ್ ಆರಂಭಿಸಿತು. ಮೊದಲ ಬಹುಮಾನ ಒಂದು ಕೋಟಿ ರೂಪಾಯಿ. ಲೂಧಿಯಾನದ ಗುರುನಾನಕ್ ಕ್ರೀಡಾಂಗಣದ ಫೈನಲ್‌ನಲ್ಲಿ ಭಾರತ 58–24ರಿಂದ ಪಾಕಿಸ್ತಾನವನ್ನು ಸೋಲಿಸಿತು. 2011ರಲ್ಲಿ ಮಹಿಳೆಯರ ವಿಭಾಗವೂ ಸೇರಿತು. ಒಂದೇ ನಗರಕ್ಕೆ ಅಂಟಿಕೊಳ್ಳದೆ ಪಂಜಾಬಿನ ಬೇರೆ ಬೇರೆ ಪಟ್ಟಣಗಳಲ್ಲಿ ಪಂದ್ಯಗಳು ನಡೆದವು. ಕೆನಡಾ, ಇಂಗ್ಲೆಂಡ್, ಅಮೆರಿಕ ತಂಡಗಳಲ್ಲಿ ಹೆಚ್ಚಿನವರು ಅಲ್ಲಿ ನೆಲೆಸಿದ ಪಂಜಾಬಿ ಕುಟುಂಬಗಳ ಮಕ್ಕಳೇ. ವಲಸೆ ಹೋದವರು ಊರಿನ ಆಟವನ್ನೂ ಜೊತೆಗೆ ಕೊಂಡೊಯ್ದಿದ್ದರು. ವಿಶ್ವಕಪ್ ಅವರ ಮಕ್ಕಳನ್ನು ಅದೇ ಮಣ್ಣಿಗೆ ಕರೆತಂದಿತು.

ಕೂಟಕ್ಕೆ ತೊಡಕುಗಳೂ ಎದುರಾದವು. 2011ರಲ್ಲಿ ಹಲವು ಆಟಗಾರರು ಉದ್ದೀಪನ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಅಂಕಣದಲ್ಲಿ ಪೈಪೋಟಿಯೂ ಬಿಗಿಯಾಯಿತು: 2014ರ ಪುರುಷರ ಫೈನಲ್‌ನಲ್ಲಿ ಭಾರತ ಪಾಕಿಸ್ತಾನದ ವಿರುದ್ಧ ಗೆದ್ದದ್ದು 45–42ರಿಂದ, ಮೂರೇ ಅಂಕಗಳ ಅಂತರದಲ್ಲಿ. ಸಿಖ್ಖರ ಪವಿತ್ರ ಗ್ರಂಥದ ಅವಮಾನದ ಘಟನೆಗಳಿಂದ ಪಂಜಾಬ್ ಪ್ರಕ್ಷುಬ್ಧವಾದ ಕಾರಣ 2015ರ ಕೂಟ ರದ್ದಾಯಿತು. 2020ರಲ್ಲಿ ಪಾಕಿಸ್ತಾನವೇ ಆತಿಥ್ಯ ವಹಿಸಿ, ಲಾಹೋರಿನ ಫೈನಲ್‌ನಲ್ಲಿ 43–41ರಿಂದ ಗೆದ್ದಿತು. ಅಲ್ಲಿ ಭಾರತದ ಹೆಸರಿನಲ್ಲಿ ಆಡಿದ ತಂಡಕ್ಕೆ ತಾನು ಅನುಮತಿ ಕೊಟ್ಟಿರಲಿಲ್ಲ ಎಂದು ಕೇಂದ್ರ ಕ್ರೀಡಾ ಸಚಿವಾಲಯ ತಿಳಿಸಿತು.

ಆಯತದ ಅಂಕಣದ ಕಬಡ್ಡಿಗೆ ಪ್ರತ್ಯೇಕ ವಿಶ್ವಕಪ್ ಇದೆ. ಒಂದೇ ವರ್ಷ ಎರಡೂ ನಡೆದದ್ದುಂಟು. 2016ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ಭಾರತ 38–29ರಿಂದ ಇರಾನನ್ನು ಮಣಿಸಿತು. ಮರು ತಿಂಗಳು ಪಂಜಾಬಿನ ಜಲಾಲಾಬಾದಿನಲ್ಲಿ ವೃತ್ತ ಕಬಡ್ಡಿಯ ಕಪ್ಪನ್ನೂ ಗೆದ್ದಿತು. ಏಷ್ಯನ್ ಕ್ರೀಡಾಕೂಟದಲ್ಲಿ 1990ರಿಂದ ಇರುವುದು ಆಯತದ ಅಂಕಣದ ಆಟ. ಪ್ರೊ ಕಬಡ್ಡಿ ಲೀಗ್ ಕೂಡ ಅದರದೇ.

ಕರ್ನಾಟಕದ ಆಟಗಾರರು ಹೆಸರು ಮಾಡಿರುವುದೂ ಆಯತದ ಅಂಕಣದ ಆಟದಲ್ಲೇ. 2012ರ ಮಾರ್ಚ್‌ನಲ್ಲಿ ಪಟ್ನಾದಲ್ಲಿ ನಡೆದ ಮೊದಲ ಮಹಿಳಾ ವಿಶ್ವಕಪ್‌ನಲ್ಲಿ ಭಾರತವನ್ನು ಮುನ್ನಡೆಸಿದವರು ಉಡುಪಿ ಜಿಲ್ಲೆಯ ಕಾರ್ಕಳ ಕಡೆಯ ಮಮತಾ ಪೂಜಾರಿ. ಫೈನಲ್‌ನಲ್ಲಿ ಇರಾನ್ 25–19ರಿಂದ ಸೋತಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಪಂಜಾಬಿನಲ್ಲಿ ನಡೆದ ಮಹಿಳೆಯರ ವೃತ್ತ ಕಬಡ್ಡಿ ಫೈನಲ್‌ನಲ್ಲಿ ಭಾರತ 72–12ರಿಂದ ಮಲೇಷ್ಯಾವನ್ನು ಸೋಲಿಸಿತು. ಎರಡೂ ಸುದ್ದಿಗಳು 'ಕಬಡ್ಡಿ ವಿಶ್ವಕಪ್' ಎಂಬ ಒಂದೇ ಹೆಸರಿನಲ್ಲಿ ಬಂದ ಕಾರಣ, ಅಂಕಣದ ಆಕಾರ ಯಾವುದೆಂದು ತಿಳಿದವರಿಗೆ ಮಾತ್ರ ಅವೆರಡರ ಗೆಲುವು ಬೇರೆ ಬೇರೆಯಾಗಿ ಕಾಣುತ್ತದೆ.