ಹ್ಯಾರಿ ಟರ್ಟಲ್‌ಡವ್: ಪರ್ಯಾಯ ಇತಿಹಾಸದ ಬಲ ಮತ್ತು ಮಿತಿ

ಅಮೆರಿಕದ ಕಾದಂಬರಿಕಾರ ಹ್ಯಾರಿ ಟರ್ಟಲ್‌ಡವ್ ಬೈಜಾಂಟೈನ್ ಇತಿಹಾಸದಲ್ಲಿ ಪಿಎಚ್.ಡಿ. ಪಡೆದವರು. ಅವರ ಮೊದಲ ಬಲವೇ ಈ ಪಾಂಡಿತ್ಯ: ಇತಿಹಾಸ ಎಲ್ಲಿ ಬೇರೆ ದಾರಿ ಹಿಡಿಯಬಹುದಿತ್ತು ಎಂಬುದನ್ನು ಅವರು ಗುರುತಿಸಬಲ್ಲರು.

1862ರಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ದಕ್ಷಿಣದ ಸೇನಾನಿ ಲೀ ಹೊರಡಿಸಿದ ಆದೇಶದ ಒಂದು ಪ್ರತಿ ಕಳೆದುಹೋಯಿತು. ಮೂರು ಚುರುಟುಗಳಿಗೆ ಸುತ್ತಿದ್ದ ಆ ಕಾಗದ ಉತ್ತರದ ಸೈನಿಕರ ಕೈಸೇರಿತು. ಟರ್ಟಲ್‌ಡವ್ ತಮ್ಮ ಒಂದು ಕಾದಂಬರಿ ಸರಣಿಯಲ್ಲಿ ಬದಲಿಸುವುದು ಇಷ್ಟನ್ನೇ: ಕಾಗದ ಶತ್ರುವಿಗೆ ಸಿಗುವುದಿಲ್ಲ, ದಕ್ಷಿಣ ಗೆಲ್ಲುತ್ತದೆ. ಅಲ್ಲಿಂದ ಹನ್ನೊಂದು ಸಂಪುಟಗಳು ಬೆಳೆಯುತ್ತವೆ. ಕಾರಣ ಚಿಕ್ಕದು, ಪರಿಣಾಮ ದೊಡ್ಡದು. ಆದರೂ ಸರಪಳಿ ನಂಬುವಂತಿದೆ.

ಎರಡನೆಯ ಬಲ, ನೋಟದ ವೈವಿಧ್ಯ. ಸೈನಿಕ, ರೈತ, ಕಾರ್ಮಿಕ, ಗುಲಾಮಗಿರಿಯ ನೆರಳಲ್ಲಿ ಬದುಕುವ ಕಪ್ಪು ಜನ, ಎಲ್ಲರ ಕಣ್ಣಿನಿಂದಲೂ ಕಥೆ ಸಾಗುತ್ತದೆ.

ದೌರ್ಬಲ್ಯವೂ ಇಲ್ಲೇ ಹುಟ್ಟುತ್ತದೆ. ಪಾತ್ರಗಳು ಹೆಚ್ಚಾದಂತೆ ಒಬ್ಬೊಬ್ಬರಿಗೂ ಒಂದೊಂದೇ ಗುರುತು ಅಂಟಿಕೊಳ್ಳುತ್ತದೆ. ನಾವಿಕ ಸ್ಯಾಮ್ ಕಾರ್ಸ್ಟನ್‌ನ ಬಿಳಿಚರ್ಮ ಬಿಸಿಲಿಗೆ ಸುಡುವುದನ್ನು ಓದುಗರು ಮತ್ತೆ ಮತ್ತೆ ಓದಬೇಕು.

ಇನ್ನೂ ಗಂಭೀರವಾದ ಕೊರತೆ, ನಿಜ ಇತಿಹಾಸದ ನಕಲು. ಮುಂದೊಂದು ಯುದ್ಧದಲ್ಲಿ ಸೋತ ದಕ್ಷಿಣದಲ್ಲಿ ಜೇಕ್ ಫೆದರ್‌ಸ್ಟನ್ ಎಂಬ ಸರ್ವಾಧಿಕಾರಿ ಹಿಟ್ಲರ್‌ನ ಹೆಜ್ಜೆಯಲ್ಲೇ ನಡೆಯುತ್ತಾನೆ. ಮುಂದಿನದನ್ನು ಓದುಗರು ಮೊದಲೇ ಊಹಿಸಬಲ್ಲರು.

ಸಣ್ಣಕಥೆಯಲ್ಲಿ ಈ ದೋಷಗಳು ಕರಗುತ್ತವೆ. ನಾಜಿಗಳ ವಶವಾದ ಭಾರತದಲ್ಲಿ ಗಾಂಧಿಯವರ ಅಹಿಂಸೆಯನ್ನು ಪರೀಕ್ಷೆಗೊಡ್ಡುವ ‘ದಿ ಲಾಸ್ಟ್ ಆರ್ಟಿಕಲ್’ ಅದಕ್ಕೆ ಸಾಕ್ಷಿ. ಟರ್ಟಲ್‌ಡವ್ ಅವರ ಪ್ರತಿಭೆ ಪ್ರಶ್ನೆಯನ್ನು ಹರಿತಗೊಳಿಸುವುದರಲ್ಲಿದೆ. ಉತ್ತರ ಉದ್ದವಾದಷ್ಟೂ ಆ ಪ್ರಶ್ನೆಯ ಮೊನೆ ಮಂಕಾಗುತ್ತದೆ.