ಎರಕದ ಕೆಲಸಕ್ಕೆ ಕೈ ಹಾಕುವ ಮುಂಚೆ



ಕೊಳಾರ ಕಡೆಯ ಸಂಘದ ಸಭೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. “ಹಪ್ಪಳ, ಸಂಡಿಗೆ, ಹೊಲಿಗೆ ಎಲ್ಲಾ ಮಾಡಿದ್ದಾಯಿತು. ಬೀದರದಲ್ಲಿ ಇಷ್ಟು ಹೆಸರುವಾಸಿಯಾದ ಬಿದರಿ ಕೆಲಸ ಐತಿ. ಸಣ್ಣ ಸಣ್ಣ ಲೋಹದ ಸಾಮಾನು ಎರಕ ಹೊಯ್ಯುವ ಕೆಲಸ ನಮ್ಮ ಸಂಘ ಯಾಕ ಮಾಡಬಾರದು? ಸಾಲ ತಗೊಂಡು ಭಟ್ಟಿ ಹಾಕೋಣೇನು?”

ಒಳ್ಳೆಯ ಪ್ರಶ್ನೆ. ಆದರೆ ಸಂಘದ ಸಾಲ ಒಬ್ಬರ ಸಾಲ ಅಲ್ಲ. ಕಂತು ತಪ್ಪಿದರೆ ಹದಿನೈದು ಮನೆಯವರೂ ಕಟ್ಟಬೇಕು. ಆದ್ದರಿಂದ ಈ ಕೆಲಸ ಏನು, ಅದರಲ್ಲಿ ದುಡ್ಡು ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ, ಮೈಗೆ ಏನು ಅಪಾಯ ಎಂಬುದನ್ನು ಮೊದಲು ತಿಳಿದುಕೊಳ್ಳೋಣ.

ಎರಕ ಅಂದರೆ ಏನು?

ಇಡ್ಲಿ ಮಾಡುವುದು ನಿಮಗೆ ಗೊತ್ತು. ಹಿಟ್ಟು ಯಾವ ಕುಳಿಯಲ್ಲಿ ಹಾಕುತ್ತೀರೋ ಆ ಆಕಾರ ಬರುತ್ತದೆ. ಎರಕವೂ ಹಾಗೆಯೇ. ಲೋಹವನ್ನು ಮೂಸೆಯಲ್ಲಿ ಕರಗಿಸಿ ಅಚ್ಚಿನಲ್ಲಿ ಹೊಯ್ಯುತ್ತಾರೆ. ಆರಿದ ಮೇಲೆ ಅಚ್ಚು ಬಿಚ್ಚಿ ಸಾಮಾನು ತೆಗೆಯುತ್ತಾರೆ. ಹೇಳಲಿಕ್ಕೆ ಇಷ್ಟೇ, ಆದರೆ ಮಾಡುವಾಗ ಮೂರು ವಿಷಯ ಸರಿ ಇರಬೇಕು: ಲೋಹದ ಬೆರಕೆ, ಅಚ್ಚು ಮತ್ತು ಕಾವು. ಇವುಗಳಲ್ಲಿ ಒಂದು ತಪ್ಪಿದರೂ ಸಾಮಾನು ಗುಜರಿಗೆ ಹೋಗುತ್ತದೆ.

ನಮ್ಮ ಬಿದರಿಯಲ್ಲಿ ಹೇಗೆ ಮಾಡುತ್ತಾರೆ?

ಬಹಮನಿ ಸುಲ್ತಾನರ ಕಾಲದಿಂದ ಈ ಕೆಲಸ ಬೀದರದಲ್ಲಿ ನಡೆದು ಬಂದಿದೆ. 2005-06ರ ಸಾಲಿನಲ್ಲಿ ಇದಕ್ಕೆ ಭೌಗೋಳಿಕ ಸೂಚನೆಯ ಮಾನ್ಯತೆ ಸಿಕ್ಕಿತು. 2023ರಲ್ಲಿ ಬೀದರದ ಹಿರಿಯ ಕಲಾವಿದ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕೆಲಸ ಹಂತ ಹಂತವಾಗಿ ಹೀಗೆ ನಡೆಯುತ್ತದೆ:

1. ಅಚ್ಚು: ಮಣ್ಣಿಗೆ ಔಡಲ ಎಣ್ಣೆ ಮತ್ತು ರಾಳ ಸೇರಿಸಿ ಹದ ಮಾಡುತ್ತಾರೆ. ಅದರಲ್ಲಿ ಮಾದರಿಯನ್ನು ಒತ್ತಿ ಅಚ್ಚು ತೆಗೆಯುತ್ತಾರೆ.

2. ಎರಕ: ಸತು ಮತ್ತು ತಾಮ್ರ ಕರಗಿಸಿ ಹೊಯ್ಯುತ್ತಾರೆ. ಸಾಮಾನ್ಯವಾಗಿ 16 ಭಾಗ ಸತುವಿಗೆ 1 ಭಾಗ ತಾಮ್ರ. ಅಂದರೆ 1,700 ಗ್ರಾಂ ಬೆರಕೆಯಲ್ಲಿ 1,600 ಗ್ರಾಂ ಸತು, 100 ಗ್ರಾಂ ತಾಮ್ರ.

3. ಅರ ಹಾಕುವುದು: ಎರಕದಿಂದ ಬಂದ ಸಾಮಾನು ಒರಟಾಗಿರುತ್ತದೆ. ಅಂಚಿನ ಹೆಚ್ಚುವರಿ ಲೋಹ ತೆಗೆದು, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ.

4. ಚಿತ್ರ ಮತ್ತು ಕೆತ್ತನೆ: ಮೈಲುತುತ್ತದ ನೀರು ಹಚ್ಚಿ ಮೇಲ್ಮೈ ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಅದರ ಮೇಲೆ ಹೂಬಳ್ಳಿ ಗೀಚಿ, ಸಣ್ಣ ಉಳಿಯಿಂದ ಕೆತ್ತುತ್ತಾರೆ.

5. ಬೆಳ್ಳಿ ಕೂಡಿಸುವುದು: ಕೆತ್ತಿದ ಗೆರೆಯಲ್ಲಿ ಬೆಳ್ಳಿ ತಂತಿ ಇಟ್ಟು ಸುತ್ತಿಗೆಯಿಂದ ಬಡಿದು ಕೂಡಿಸುತ್ತಾರೆ. ಇದಕ್ಕೆ ತಾರಕಶಿ ಎನ್ನುತ್ತಾರೆ. ತಂತಿಯ ಬದಲು ಬೆಳ್ಳಿ ತಗಡು ಕೂಡಿಸುವ ರೀತಿಯೂ ಉಂಟು.

6. ಕಪ್ಪು ಮಾಡುವುದು: ಬೀದರ ಕೋಟೆಯೊಳಗಿನ ಹಳೆಯ ಮಣ್ಣು ಮತ್ತು ನವಸಾಗರವನ್ನು ನೀರಿನಲ್ಲಿ ಕಲಸಿ, ಸಾಮಾನು ಬಿಸಿ ಮಾಡಿ ಉಜ್ಜುತ್ತಾರೆ. ಸತುವಿನ ಭಾಗ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಹೊಳೆಯುತ್ತದೆ. ಕೊನೆಗೆ ಎಣ್ಣೆ ಹಚ್ಚುತ್ತಾರೆ.

ನೋಡಿದಿರಾ? ಆರು ಹಂತಗಳಲ್ಲಿ ಎರಕ ಹೊಯ್ಯುವುದು ಒಂದೇ ಹಂತ. ಉಳಿದದ್ದು ಹೆಚ್ಚಾಗಿ ಕೈಕೆಲಸ ಮತ್ತು ಕಣ್ಣಿನ ಕೆಲಸ. ಸಾಮಾನಿನ ಬೆಲೆ ಏರುವುದು ಅಲ್ಲಿಯೇ. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಹೊರದೇಶದಲ್ಲಿಯೂ ಇಂಥ ಸಣ್ಣ ಕೆಲಸ ಇದೆ

ಇಂಗ್ಲೆಂಡ್, ಜರ್ಮನಿ ದೇಶಗಳಲ್ಲಿ ದೊಡ್ಡವರೂ ಆಟಿಕೆ ರೈಲು ಕಟ್ಟುವ ಹವ್ಯಾಸ ಇಟ್ಟುಕೊಂಡಿರುತ್ತಾರೆ. ಜರ್ಮನಿಯಲ್ಲಿ ನಿಜವಾದ ರೈಲಿನ 87ನೇ ಒಂದು ಭಾಗದಷ್ಟು ಸಣ್ಣದಾಗಿ, ಆದರೆ ಎಲ್ಲಾ ಭಾಗಗಳೂ ಹುಬೇಹೂಬು ಇರುವಂತೆ ಮಾಡುವುದು ಹೆಚ್ಚು ಪ್ರಚಾರದಲ್ಲಿದೆ. ದೀಪ, ಹೊಗೆ ಕೊಳವೆ, ಡಬ್ಬಿಗಳ ನಡುವಿನ ಕೊಂಡಿ ಇಂಥ ಚಿಕ್ಕ ಭಾಗಗಳನ್ನು ಎಷ್ಟೋ ಕಡೆ ಒಬ್ಬರು ಇಬ್ಬರು ಸೇರಿ ಮನೆ ಹಿಂದಿನ ಕೋಣೆಯಲ್ಲೇ ಎರಕ ಹೊಯ್ಯುತ್ತಾರೆ. ಲೋಹ ಯಾಕೆಂದರೆ ಎಂಜಿನ್ ಭಾರ ಇದ್ದರೆ ಗಾಲಿ ಹಳಿಯನ್ನು ಗಟ್ಟಿಯಾಗಿ ಹಿಡಿಯುತ್ತದೆ, ಹಿಂದಿನ ಡಬ್ಬಿಗಳನ್ನು ಎಳೆಯುತ್ತದೆ.

ಅವರು ಬಳಸುವುದು ಬೇಗ ಕರಗುವ ಬಿಳಿ ಲೋಹ. ಅದರಲ್ಲಿ ತವರ ಮುಖ್ಯ. ತವರ 232 ಡಿಗ್ರಿಗೇ ಕರಗುತ್ತದೆ. ಅಚ್ಚು ಮಣ್ಣಿನದಲ್ಲ, ರಬ್ಬರಿನದು. ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಹೊಯ್ಯಬಹುದು. ಅಚ್ಚನ್ನು ಗರಗರ ತಿರುಗಿಸಿದರೆ ಲೋಹ ಮೂಲೆ ಮೂಲೆಗೂ ಹೋಗಿ ಕೂದಲೆಳೆಯಂಥ ಗೆರೆಯೂ ಮೂಡುತ್ತದೆ.

ದೊಡ್ಡ ಕಾರ್ಖಾನೆಗಳಿದ್ದರೂ ಈ ಸಣ್ಣವರು ಬದುಕುವುದು ಹೇಗೆ? ಕಾರ್ಖಾನೆಯ ಉಕ್ಕಿನ ಅಚ್ಚಿಗೆ ತುಂಬಾ ಖರ್ಚು. ಸಾವಿರಾರು ನಗ ಮಾರಿದರೆ ಮಾತ್ರ ಅದು ಗಿಟ್ಟುತ್ತದೆ. ನೂರು ಇನ್ನೂರು ನಗ ಮಾತ್ರ ಬೇಕಾದ ಸಾಮಾನಿಗೆ ಅವರು ಕೈ ಹಾಕುವುದಿಲ್ಲ. ಆ ಜಾಗ ಸಣ್ಣವರದು. ನಮಗೂ ಇದೇ ಪಾಠ. ಯಂತ್ರದಿಂದ ಲಕ್ಷಗಟ್ಟಲೆ ಬರುವ ಬಟನ್, ಕೊಂಡಿ ನಾವು ಮಾಡಲಿಕ್ಕೆ ಹೋದರೆ ಸೋಲುತ್ತೇವೆ. ಕಡಿಮೆ ಸಂಖ್ಯೆ, ಹೆಚ್ಚು ಕೈಕೆಲಸ, ಬೇರೆಡೆ ಸಿಗದ ಸಾಮಾನು: ನಮಗೆ ಸಲ್ಲುವುದು ಇಂಥದ್ದು.

ಗುಜರಿ ಲೋಹದ ಆಸೆ ಬೇಡ

ಆ ಆಟಿಕೆ ರೈಲುಗಳಿಂದಲೇ ಇನ್ನೊಂದು ಪಾಠವೂ ಇದೆ. 1930ರ ದಶಕದಲ್ಲಿ ಸತುವಿಗೆ ಅಲ್ಯೂಮಿನಿಯಂ ಬೆರೆಸಿ ಎರಕ ಹೊಯ್ದ ಎಷ್ಟೋ ಗಾಲಿಗಳು ಮತ್ತು ಎಂಜಿನ್‌ಗಳು ಕೆಲವು ವರ್ಷಗಳಲ್ಲಿ ತಾವಾಗಿಯೇ ಉಬ್ಬಿ, ಬಿರುಕು ಬಿಟ್ಟು, ಬೆಲ್ಲದ ಪುಡಿಯಂತೆ ಉದುರಿದವು. ಯಾರೂ ಬಡಿದಿರಲಿಲ್ಲ, ಬೀಳಿಸಿರಲಿಲ್ಲ. ಕಾರಣ, ಆ ಲೋಹದಲ್ಲಿ ಚೂರೇ ಚೂರು ಸೀಸ ಬೆರೆತಿತ್ತು. ಹೊರಗಿನ ತೇವ ಸೇರಿ ಒಳಗಿಂದೊಳಗೇ ತಿಂದು ಹಾಕಿತು. ಅದಕ್ಕೇ ಈಗ ಅಂಥ ಬೆರಕೆಗೆ 99.99 ಪ್ರತಿಶತ ಶುದ್ಧ ಸತು ಬಳಸುತ್ತಾರೆ.

ಬಿದರಿಯ ಬೆರಕೆ ಬೇರೆ, ನಿಜ. ಆದರೂ ಏನು ಬೆರೆತಿದೆ ಎಂದು ಗೊತ್ತಿಲ್ಲದ ಗುಜರಿ ಲೋಹವನ್ನು ಅಗ್ಗವೆಂದು ತಂದು ಕರಗಿಸಬೇಡಿ. ಹಳೆ ಬ್ಯಾಟರಿಯ ಸೀಸವನ್ನಂತೂ ಮುಟ್ಟಲೇಬೇಡಿ.

ಮೈಗೆ ಆಗುವ ಅಪಾಯ

ಇದನ್ನು ಹೆದರಿಸಲಿಕ್ಕೆ ಬರೆಯುತ್ತಿಲ್ಲ. ಆದರೆ ಗೊತ್ತಿಲ್ಲದೆ ಮಾಡುವುದು ಬೇಡ.

ಸತುವಿನ ಹೊಗೆ: ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, 907 ಡಿಗ್ರಿಗೆ ಕುದಿಯುತ್ತದೆ. ತಾಮ್ರ ಕರಗಲಿಕ್ಕೆ 1,085 ಡಿಗ್ರಿ ಬೇಕು. ಅಂದರೆ ತಾಮ್ರ ಕರಗುವ ಕಾವಿಗೆ ಮುಂಚೆಯೇ ಸತು ಕುದಿದು ಬಿಳಿ ಹೊಗೆಯಾಗುತ್ತದೆ. ಎರಡನ್ನೂ ಕೂಡಿಸುವುದು ಅನುಭವಸ್ಥರ ಕೆಲಸ. ಆ ಹೊಗೆ ಕುಡಿದರೆ ಕೆಲವು ಗಂಟೆಗಳ ನಂತರ ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಕೂಡಲೇ ದವಾಖಾನೆಗೆ ಹೋಗಿ. ಬೆಲ್ಲ ತಿಂದರೆ, ಹಾಲು ಕುಡಿದರೆ ಸಾಕು ಎನ್ನುವ ಮಾತು ನಂಬಬೇಡಿ. ಗಾಳಿ ಆಡುವ ಜಾಗವೇ ಮೊದಲ ಔಷಧ.

ಸೀಸ: ಇದು 327 ಡಿಗ್ರಿಗೇ ಕರಗುವುದರಿಂದ ಮನೆ ಒಲೆಯ ಮೇಲೂ ಕರಗಿಸಬಹುದು ಅನಿಸುತ್ತದೆ. ಅದೇ ಅಪಾಯ. ಸೀಸದ ಧೂಳು ಮಕ್ಕಳ ಬುದ್ಧಿ ಬೆಳವಣಿಗೆಗೆ ಪೆಟ್ಟು ಕೊಡುತ್ತದೆ, ಗರ್ಭಿಣಿಯ ಹೊಟ್ಟೆಯೊಳಗಿನ ಕೂಸಿಗೂ ತಲುಪುತ್ತದೆ. ಇಷ್ಟು ಸೀಸ ಇದ್ದರೆ ಚಿಂತೆಯಿಲ್ಲ ಎನ್ನುವ ಸುರಕ್ಷಿತ ಪ್ರಮಾಣವೇ ಇಲ್ಲ. ತಾಯಿಯ ಸೀರೆ ಸೆರಗಿನಲ್ಲಿ ಹತ್ತಿದ ಧೂಳೂ ಮಗುವಿನ ಬಾಯಿಗೆ ಹೋಗುತ್ತದೆ.

ನೀರು: ಕರಗಿದ ಲೋಹಕ್ಕೆ ನೀರಿನ ಹನಿ ಸೇರಿದರೆ ಅದು ಒಮ್ಮೆಲೇ ಹಬೆಯಾಗಿ ಲೋಹ ಸಿಡಿಯುತ್ತದೆ. ಒದ್ದೆ ಅಚ್ಚು, ಒದ್ದೆ ಚಮಚ, ಒದ್ದೆ ಲೋಹದ ತುಂಡು ಯಾವುದೂ ಹತ್ತಿರ ಬರಬಾರದು.

ನವಸಾಗರ: ಬಿಸಿಯಾದಾಗ ಕಣ್ಣು, ಗಂಟಲು ಉರಿಸುವ ಹೊಗೆ ಬರುತ್ತದೆ. ಕಪ್ಪು ಮಾಡುವ ಕೆಲಸ ಅಂಗಳದಲ್ಲಿಯೇ ಆಗಲಿ.

ಆದ್ದರಿಂದ ನಾವು ಹೇಳುವುದು ಇಷ್ಟು: ಅಡಿಗೆ ಮನೆಯಲ್ಲಿ ಲೋಹ ಕರಗಿಸಬೇಡಿ. ಅಡಿಗೆ ಪಾತ್ರೆ ಬಳಸಬೇಡಿ. ಕೆಲಸದ ಜಾಗದಲ್ಲಿ ಚಹಾ, ಎಲೆ ಅಡಿಕೆ ಬೇಡ. ಅರ ಹಾಕುವಾಗ ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಇರಲಿ. ಮುಗಿದ ಮೇಲೆ ಕೈ ತೊಳೆದು, ಸೀರೆ ಬದಲಿಸಿ, ಆಮೇಲೆ ಕೂಸನ್ನು ಎತ್ತಿಕೊಳ್ಳಿ.

ಲೆಕ್ಕ ಹಾಕೋಣ ಬನ್ನಿ

ಲೋಹದ ದರ ದಿನದಿನಕ್ಕೆ ಬದಲಾಗುತ್ತದೆ. ಇಲ್ಲಿ ಕೊಟ್ಟ ಅಂಕಿ ಬರೀ ಉದಾಹರಣೆಗೆ. ಲೆಕ್ಕ ಹಾಕುವ ರೀತಿ ಮಾತ್ರ ನೋಡಿ.

ಒಂದು ದಿನ 20 ನಗ ಹೊಯ್ದಿರಿ. ಇದ್ದಿಲು ಮತ್ತು ಕೂಲಿ ಸೇರಿ ₹800 ಖರ್ಚು. ನಗಕ್ಕೆ ₹40 ಎಂದು ಬರೆದಿರಿ. ಆದರೆ 20ರಲ್ಲಿ 4 ನಗ ತೂತು ಬಿದ್ದು ಕೆಟ್ಟವು. ಆ ಲೋಹ ಮತ್ತೆ ಕರಗಿಸಬಹುದು, ಆದರೆ ಇದ್ದಿಲು, ಕೂಲಿ ತಿರುಗಿ ಬರುವುದಿಲ್ಲ. ಆದ್ದರಿಂದ ₹800ನ್ನು 16ರಿಂದ ಭಾಗಿಸಬೇಕು. ನಗಕ್ಕೆ ₹50 ಬಿತ್ತು. ಇದು ತಿಳಿಯದೆ ₹45ಕ್ಕೆ ಒಪ್ಪಿಕೊಂಡರೆ ಹೆಚ್ಚು ಹೊಯ್ದಷ್ಟೂ ಹೆಚ್ಚು ನಷ್ಟ.

ಇನ್ನೊಂದು ಲೆಕ್ಕ ಮನೆಯಲ್ಲಿ ಕೂತು ಅರ ಹಾಕುವ ಅಕ್ಕನದು. ನಗಕ್ಕೆ ₹15 ಕೊಡುತ್ತಾರೆ ಎನ್ನೋಣ. ಒಂದು ನಗಕ್ಕೆ 40 ನಿಮಿಷ ಹಿಡಿದರೆ 8 ತಾಸಿಗೆ 12 ನಗ, ಅಂದರೆ ₹180. ಅರ ಸವೆದದ್ದು, ದೀಪದ ಕರೆಂಟು ಕಳೆಯಿರಿ. “ಮನ್ಯಾಗ ಕೂತು ಮಾಡೋದಲ್ಲ, ಬಂದಷ್ಟು ಬರಲಿ” ಅಂತೀರಿ. ಹಂಗಂತ ನಿಮ್ಮ ಎಂಟು ತಾಸಿಗೆ ಬೆಲೆ ಇಲ್ಲವೇನು? ದರ ಮಾತಾಡುವ ಮುಂಚೆ ಗಡಿಯಾರ ನೋಡಿ ಒಂದು ನಗ ಮಾಡಿ ನೋಡಿ.

ಎಲ್ಲಿಂದ ಶುರು ಮಾಡಬೇಕು?

ನಮ್ಮ ಸಲಹೆ: ಮೊದಲ ವರ್ಷ ಭಟ್ಟಿ ಬೇಡ. ಎರಕವನ್ನು ಅನುಭವಸ್ಥ ಕುಶಲಕರ್ಮಿಗಳಿಂದ ಹೊಯ್ಯಿಸಿಕೊಳ್ಳಿ. ಸಂಘದವರು ಅರ ಹಾಕುವುದು, ಚಿತ್ರ, ಕೆತ್ತನೆ, ಬೆಳ್ಳಿ ಕೂಡಿಸುವುದನ್ನು ಕಲಿಯಿರಿ. ಬೆಲೆ ಏರುವುದು ಅಲ್ಲಿ ಎಂದು ಮೇಲೆಯೇ ಹೇಳಿದ್ದೇವೆ. ಸಾಲವೂ ಸಣ್ಣದರಲ್ಲೇ ಮುಗಿಯುತ್ತದೆ. ಕಲಿಯಲಿಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಅವಸರ ಬೇಡ.

ಬೆಳ್ಳಿಯನ್ನು ಕೊಡುವಾಗ ಮತ್ತು ತಗೊಳ್ಳುವಾಗ ಇಬ್ಬರ ಮುಂದೆ ತೂಗಿ ಪುಸ್ತಕದಲ್ಲಿ ಬರೆಯಿರಿ. ಉದುರಿದ ಬೆಳ್ಳಿ ಚೂರನ್ನೂ ಗುಡಿಸಿ ತೂಗಿ. ಬರೆಯದಿದ್ದರೆ ಸಂಘದೊಳಗೇ ಸಂಶಯ ಹುಟ್ಟುತ್ತದೆ.

ಕರಕುಶಲ ಕೆಲಸಗಾರರಿಗೆ ಕೇಂದ್ರ ಸರ್ಕಾರ ಪೆಹಚಾನ್ ಎನ್ನುವ ಗುರುತಿನ ಚೀಟಿ ಕೊಡುತ್ತದೆ. ಕೆಲಸ ಕಲಿತ ಮೇಲೆ ಅದನ್ನು ಗಂಡನ ಹೆಸರಿಗಲ್ಲ, ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮುಂದೆ ಉದ್ದಿಮೆ ಶುರುವಾದರೆ ಉದ್ಯಮ್ ನೋಂದಣಿ ಮಾಡಿಸಿ. ಅದಕ್ಕೆ ಸರ್ಕಾರದ ಶುಲ್ಕವಿಲ್ಲ. ಯಾರಾದರೂ ಅದರ ಹೆಸರಿನಲ್ಲಿ ಸಾವಿರ, ಎರಡು ಸಾವಿರ ಶುಲ್ಕ ಕೇಳಿದರೆ ಕೊಡಬೇಡಿ. ಹೆಚ್ಚಿನ ವಿವರಕ್ಕೆ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಒಬ್ಬರೇ ಹೋಗಬೇಡಿ, ಮೂವರು ಸೇರಿ ಹೋಗಿ.

ಕಾರ್ಮಿಕ ಸಂತ ಜೋಸೆಫರ ಹಬ್ಬವನ್ನು ಮೇ 1ರಂದು ಆಚರಿಸುತ್ತೇವೆ. ಅವರು ಬಡಗಿ, ಕೈಯಿಂದ ದುಡಿದು ಮನೆ ನಡೆಸಿದವರು. ಯಾವ ಧರ್ಮದವರೇ ಆಗಲಿ, ದುಡಿಯುವ ಕೈಗೆ ಸರಿಯಾದ ಕೂಲಿ ಸಿಗಬೇಕು, ಆ ಕೈಗೆ ಗಾಯವೂ ಆಗಬಾರದು. ನಾವು ಬಯಸುವುದು ಇದನ್ನೇ.

ಮುಂದಿನ ಸಭೆಯಲ್ಲಿ ಚರ್ಚಿಸಿರಿ:

1. ನಮ್ಮ ಸಂಘದಲ್ಲಿ ದಿನಕ್ಕೆ ನಾಲ್ಕು ತಾಸು ಕೂತು ಕಲಿಯಲು ಯಾರು ಯಾರು ತಯಾರಿದ್ದಾರೆ?

2. ಕೆಲಸಕ್ಕೆ ಮನೆಯಿಂದ ಬೇರೆಯಾದ, ಗಾಳಿ ಆಡುವ ಜಾಗ ಎಲ್ಲಿದೆ?

3. ಸಾಮಾನು ತಗೊಳ್ಳುವವರು ಯಾರು? ಅವರ ಹತ್ತಿರ ಹೋಗಿ ಮಾತಾಡಿದ್ದೇವೆಯೇ?

4. ಮೊದಲ ಆರು ತಿಂಗಳು ಗಳಿಕೆ ಬಾರದಿದ್ದರೆ ಕಂತು ಎಲ್ಲಿಂದ ಕಟ್ಟುತ್ತೇವೆ?

ನಾಲ್ಕಕ್ಕೂ ಉತ್ತರ ಸಿಕ್ಕ ಮೇಲೆ ಠರಾವು ಬರೆಯಿರಿ. ಅಲ್ಲಿಯವರೆಗೆ ಸಾಲದ ಅರ್ಜಿಗೆ ಸಹಿ ಮಾಡಬೇಡ್ರಿ.